ಬ್ರೇಕು ಕಾಲಲ್ಲಿದೆ

ಅಂದು ಆಂಬ್ರೋಸ್ ಪಿಕರಿಂಗ್‌ಗೆ ಮೊದಲು ಸಿಟ್ಟು ಬರಿಸಿದವಳು ಕ್ಲಬ್ಬಿನ ಟೀ ಅಂಗಡಿಯ ವಿನಿಫ್ರೆಡ್.

"ನೆನಪಿಟ್ಕೋ ಬಂಗಾರ," ಅವಳು ಕಪ್ಪಿಗೆ ಹಾಲು ಸುರಿಯುತ್ತ ಎಂದಳು, "ಜರ್ಮನಿಯವರ ವಿಮಾನದಲ್ಲಿ ಬ್ರೇಕು ಕಾಲಲ್ಲಿರುತ್ತೆ."

"ನಂಗೊತ್ತು!"

"ನಮ್ಮದ್ರಲ್ಲಿ ಕೈಯಲ್ಲಿರುತ್ತಲ್ಲ, ಅದಕ್ಕೇ ಹೇಳ್ದೆ."

ಸೈಕಲ್ಲನ್ನೂ ಹತ್ತದ ಹೆಂಗಸು, ಹನ್ನೊಂದು ವರ್ಷ ಬ್ರಿಟನ್ನಿನ ಯುದ್ಧವಿಮಾನ ಸ್ಪಿಟ್‌ಫೈರ್ ಹಾರಿಸಿದವನಿಗೆ ಪಾಠ ಹೇಳುವುದೆಂದರೆ! ಆಂಬ್ರೋಸ್ ಚಹಾ ಅರ್ಧಕ್ಕೇ ಬಿಟ್ಟು ಎದ್ದ.

ಅವಳ ಹಿಂದಿನ ಗೋಡೆಯಲ್ಲಿ ಓಕ್ ಹಲಗೆಯೊಂದಿತ್ತು. ಎರಡನೇ ಮಹಾಯುದ್ಧದಲ್ಲಿ ಪರಸ್ಪರ ಬೇಟೆಯಾಡಿದ ಎರಡೂ ಕಡೆಯ ವಿಮಾನಗಳನ್ನು ಹಾರಿಸಿದವರ ಹೆಸರನ್ನು ಇಂಗ್ಲೆಂಡಿನ ಸಫೊಕ್‌ನ ಈ ಹಳೇ ವಿಮಾನಗಳ ಕ್ಲಬ್ಬು ಅದರಲ್ಲಿ ಚಿನ್ನದ ಬಣ್ಣದಿಂದ ಬರೆಸುತ್ತಿತ್ತು. ಇದ್ದದ್ದು ಒಂದೇ ಹೆಸರು: ಲಯನೆಲ್ ಕ್ರಾಬ್‌ಟ್ರೀ. ಆ ಹೆಸರಿನ ಕೆಳಗೆ ಕೂತು ಹನ್ನೊಂದು ವರ್ಷ ಚಹಾ ಕುಡಿದು ಆಂಬ್ರೋಸನ ಹೊಟ್ಟೆ ಉರಿದುಹೋಗಿತ್ತು. ಬೇಸಿಗೆಗೆಂದು ಎರವಲು ಬಂದಿದ್ದ ಜರ್ಮನ್ ಯುದ್ಧವಿಮಾನ ಮೆಸ್ಸರ್‌ಶ್ಮಿಟ್ ನಾಳೆ ಜರ್ಮನಿಗೆ ವಾಪಸು. ಮುಂದಿನ ತಿಂಗಳು ಅವನಿಗೆ ಎಪ್ಪತ್ತು. ಆಮೇಲೆ ಕ್ಲಬ್ಬು ಅವನನ್ನು ಯಾವ ವಿಮಾನಕ್ಕೂ ಹತ್ತಗೊಡುವುದಿಲ್ಲ. ಇಂದು ಹಾರದಿದ್ದರೆ ಇನ್ನೆಂದೂ ಇಲ್ಲ.

ಹೊರಗೆ ಮೆಕ್ಯಾನಿಕ್ ಡಗಲ್ ಕೈ ಒರೆಸಿಕೊಳ್ಳುತ್ತ ಬಂದ. "ಆಂಬ್ರೋಸ್, ಬ್ರೇಕು..."

"ಕಾಲಲ್ಲಿ! ಹಣೆ ಮೇಲೆ ಬರ್ಕೊಳ್ಲಾ?"

ಕಾರು ನಿಲ್ಲಿಸುವ ಜಾಗ ಕಾಯುವ ಮುದುಕ ದೂರದಿಂದಲೇ ತನ್ನ ಬೂಟು ಎತ್ತಿ ತೋರಿಸಿದ. ಆಂಬ್ರೋಸನ ಮುಖ ಬೇಯಿಸಿದ ಬೀಟ್‌ರೂಟಾಯಿತು.

ಅಷ್ಟರಲ್ಲಿ ಲಯನೆಲ್ಲೇ ಊರುಗೋಲು ಕುಟ್ಟುತ್ತ ಬಂದ. "ಒಂದು ಮಾತು ಕಣಯ್ಯ."

"ಬ್ರೇಕಿನ ವಿಷಯಾನಾ?"

"ಹೌದು. ಆದ್ರೆ..."

"ನಿನ್ನ ಆದ್ರೆ ನೀನೇ ಇಟ್ಕೋ! ಹಲಗೇಲಿ ಇನ್ನೊಂದು ಹೆಸರು ಬರುತ್ತೆ ಅಂತ ಸಂಕಟ ನಿಂಗೆ."

ಆಂಬ್ರೋಸ್ ಹಲ್ಲು ಕಡಿಯುತ್ತಲೇ ಮೇಲೇರಿದ. ಆದರೆ ಹಾರಾಟ ಬೆಣ್ಣೆಯಂತೆ ಸಾಗಿತು. ಇಳಿದ ಮೇಲೆ ಎರಡೂ ಪಾದಗಳಿಂದ ಬ್ರೇಕು ಒತ್ತಿ, ಗುರುತಿನ ಗೆರೆಯ ಮೇಲೇ ನಿಲ್ಲಿಸಿದ. ಜನ ಚಪ್ಪಾಳೆ ತಟ್ಟಿದರು. ಅದರಿಂದಲೂ ಸಿಟ್ಟೇ ಬಂತು: ಇಷ್ಟೊಂದು ಆಶ್ಚರ್ಯ ಯಾಕೆ ಇವರಿಗೆ?

ಹೊಸಬನ ಹೆಸರು ಬರೆಯುವಾಗ ಹಲಗೆಯನ್ನು ಹುಲ್ಲಿನ ಮೇಲೆ ತಂದು ನಿಲ್ಲಿಸಿ, ಎರಡೂ ವಿಮಾನಗಳನ್ನು ಅದರ ಅಕ್ಕಪಕ್ಕ ಇಟ್ಟು ಫೋಟೋ ತೆಗೆಯುವುದು ಕ್ಲಬ್ಬಿನ ಪದ್ಧತಿ. ಪೇಂಟರು ಆಗಲೇ 'ಪಿಕ' ಎಂಬಷ್ಟು ಬರೆದಿದ್ದ. ಡಗಲ್ ನಾಲ್ಕು ಜನರನ್ನು ಕರೆದು ಸ್ಪಿಟ್‌ಫೈರನ್ನು ತಳ್ಳಿ ತರಲು ಹೊರಟ.

"ತಳ್ಳೋಕೆ ಅದೇನು ತರಕಾರಿ ಗಾಡೀನಾ?" ಆಂಬ್ರೋಸ್ ಗುಡುಗಿದ. "ನಾನೇ ಓಡಿಸ್ಕೊಂಡು ಬರ್ತೀನಿ."

ಲಯನೆಲ್ ಅಡ್ಡ ಬಂದ. "ಬೇಡ ಮಾರಾಯ, ಕೇಳಿಲ್ಲಿ..."

"ದಾರಿ ಬಿಡು!"

ಸ್ಪಿಟ್‌ಫೈರ್ ಗಂಭೀರವಾಗಿ ಉರುಳಿ ಬಂತು. ಹಲಗೆ ಹತ್ತಿರವಾಯಿತು. ಆಂಬ್ರೋಸ್ ಎರಡೂ ಪಾದಗಳಿಂದ ಬಲವಾಗಿ ಒತ್ತಿದ. ಏನೂ ಆಗಲಿಲ್ಲ. ಇನ್ನೂ ಜೋರಾಗಿ ಒತ್ತಿದ. ಪೇಂಟರು ಡಬ್ಬಿ ಎಸೆದು ಓಡಿದ. ಕೈಯಲ್ಲಿದ್ದ ಬ್ರೇಕಿನ ನೆನಪು ಆಂಬ್ರೋಸನಿಗೆ ಬರುವಷ್ಟರಲ್ಲಿ ಪ್ರೊಪೆಲ್ಲರ್ ಹಲಗೆಯನ್ನು ಸೌದೆ ಮಾಡಿ, ತಾನೂ ಸೌದೆಯಾಗಿ ನಿಂತಿತು.

ಆಂಬ್ರೋಸ್ ಇಳಿದ. ಲಯನೆಲ್ ಹುಲ್ಲಿನಿಂದ ತನ್ನ ಹೆಸರಿನ ಚೂರೊಂದನ್ನು ಆರಿಸಿಕೊಂಡ.

"ಬೆಳಿಗ್ಗೆಯಿಂದ ಇದನ್ನೇ ಬಡ್ಕೊಳ್ಳೋಕೆ ನೋಡ್ದೆ. ಅವರ ವಿಮಾನದಿಂದ ಇಳಿದ ದಿನ ನಮ್ಮದ್ರಲ್ಲಿ ಕೂರ್ಬೇಡ. ಕಾಲು ಮರೆಯಲ್ಲ ಕಣೋ."

"ನಿಂಗೆ ಹೇಗೆ ಗೊತ್ತು?"

"ಈ ಟೀ ಅಂಗಡಿ ಎರಡನೇದು. ಮೊದಲನೇದಕ್ಕೆ ನಾನೇ ಹೀಗೇ ಗುದ್ದಿದ್ದು. ಅವತ್ತೇ ನಿಯಮ ಮಾಡಿದ್ರು, ವಿಮಾನ ಮುರಿದೋರ ಹೆಸರು ಇನ್ಮೇಲೆ ಬರೆಯೋ ಹಾಗಿಲ್ಲ ಅಂತ. ನನ್ನದು ಆಗ್ಲೇ ಬರೆದಾಗಿತ್ತು."

ಆಂಬ್ರೋಸ್ ಬಾಯಿ ತೆರೆದ; ಬೈಯಲು ಯಾರೂ ಉಳಿದಿರಲಿಲ್ಲ. ವಿನಿಫ್ರೆಡ್ ಬಿಸಿ ಚಹಾ ತಂದು ಅವನ ಕೈಗಿತ್ತಳು.

"ನೆನಪಿಟ್ಕೋ ಬಂಗಾರ," ಎಂದಳು, "ನಮ್ಮದ್ರಲ್ಲಿ ಬ್ರೇಕು ಕೈಯಲ್ಲಿರುತ್ತೆ."