ಮೇಷ್ಟ್ರು ಕಾರಿಗೆ ಎಣ್ಣೆ ಹಾಕಿದ್ದು

"ಇನ್ನು ಮೇಲೆ ಈ ಕಾರಿನ ಹೊಟ್ಟೆ ನನ್ನ ಜವಾಬ್ದಾರಿ" ಎಂದು ಡ್ರಾಯಿಂಗ್ ಮೇಷ್ಟ್ರು ಶುಕ್ರವಾರ ಸಂಜೆ, ಒಂದು ಕೈಯಲ್ಲಿ ಕಾಫಿ ಲೋಟ ಹಿಡಿದು, ಇನ್ನೊಂದು ಕೈಯಿಂದ ಎದೆ ತಟ್ಟಿಕೊಂಡು ಘೋಷಿಸಿದರು.

ಘೋಷಣೆಗೆ ಕಾರಣವಿತ್ತು. ಸೋಮವಾರ ಬೆಳಗ್ಗೆ ಮಾವನವರ ಕಣ್ಣಿನ ಪೊರೆಯ ಆಪರೇಷನ್. ಆಸ್ಪತ್ರೆ ಊರಿನ ಆ ತುದಿಗಿತ್ತು. ಅಲ್ಲಿನ ದೊಡ್ಡ ಡಾಕ್ಟರು ಸೋಮವಾರದ ಕೆಲಸ ಮುಗಿಸಿ ಪರದೇಶಕ್ಕೆ ಹೊರಡುವವರು. ಅವತ್ತು ತಪ್ಪಿತೆಂದರೆ ಮತ್ತೆ ಸರದಿ ಬರುವುದು ಯಾವ ಕಾಲಕ್ಕೋ. ಮಾವನವರಿಗೋ ಈಗಾಗಲೇ ಎದುರಿಗಿರುವುದು ಮಗಳೋ ಬಾಗಿಲೋ ಗೊತ್ತಾಗದ ಸ್ಥಿತಿ. ಹೀಗಿರುವಾಗ, ಮೇಷ್ಟ್ರ ಹೆಂಡತಿ ತನ್ನ ಔಷಧಿ ಅಂಗಡಿಯಿಂದ ಮನೆಗೆ ಬರುವ ದಾರಿಯಲ್ಲಿ, ಕಾರಿನೊಳಗೆ ಇಂಜಿನ್ ಎಣ್ಣೆ ಕಮ್ಮಿಯೆಂದು ಎಚ್ಚರಿಸುವ ದೀಪ ಮಿಣುಕ್ ಎಂದು ಆರಿತ್ತು.

"ನಾಳೆ ಗ್ಯಾರೇಜಿಗೆ ಬಿಟ್ಟುಬಿಡೋಣ ರೀ" ಎಂದಳು ಹೆಂಡತಿ.

"ಒಂದು ಅಳತೆ ಕಡ್ಡಿ ಎಳೆದು ನೋಡೋಕೆ ಗ್ಯಾರೇಜ್ ಯಾಕೆ? ಎಳಿಬೇಕು, ಒರೆಸಬೇಕು, ಮತ್ತೆ ಇಳಿಸಿ ಎಳಿಬೇಕು. ಎರಡು ಗುರುತಿನ ಮಧ್ಯೆ ಎಣ್ಣೆ ಇದ್ದರೆ ಸರಿ, ಇಲ್ಲಾಂದ್ರೆ ಹಾಕಬೇಕು. ಇದೇನು ಬ್ರಹ್ಮವಿದ್ಯೆಯಾ?"

"ಬಚ್ಚಲ ನಲ್ಲಿ ನಾನೇ ಸರಿ ಮಾಡ್ತೀನಿ ಅಂದಾಗಲೂ ಹೀಗೇ ಹೇಳಿದ್ರಿ. ಇವತ್ತಿಗೂ ಅದರ ಕೆಳಗೆ ಬಕೆಟ್ ಇಟ್ಟಿದೀವಿ."

ಮುಂದಿನ ಕೋಣೆಯಿಂದ ಮಾವನವರ ದನಿ ಬಂತು. ಅವರು ಜೀವಮಾನವಿಡೀ ಊರಿನ ಬಸ್ಸು ಓಡಿಸಿ ನಿವೃತ್ತರಾದವರು. "ಬಿಡಮ್ಮ, ಅಳಿಯಂದಿರು ಅಷ್ಟು ಹೇಳ್ತಿದಾರೆ. ಮಾಡಲಿ."

ಮೇಷ್ಟ್ರಿಗೆ ಆನೆಬಲ ಬಂತು.

ಶನಿವಾರ ಶಾಲೆಯಲ್ಲಿ ಮಕ್ಕಳ ಚಿತ್ರಗಳ ಪ್ರದರ್ಶನವಿತ್ತು. ಮೇಷ್ಟ್ರು ಕೈಗೆ ಅಂಟಿದ ಗೋಂದು ಕೂಡ ತೊಳೆಯದೆ ಬಂದು ಬಿದ್ದುಕೊಂಡರು. ಭಾನುವಾರ ಮಧ್ಯಾಹ್ನ, ಊಟ ಮುಗಿಸಿ ಮನೆಯೆಲ್ಲ ಮಲಗಿದ ಹೊತ್ತಿನಲ್ಲಿ, ತಾವೇ ಆರಿಸಿ ತಂದ ಎಣ್ಣೆ ಡಬ್ಬಿ ಹಿಡಿದು, ಬಣ್ಣ ಒರೆಸುವ ಹಳೆಯ ಬಟ್ಟೆ ಹೆಗಲಿಗೆ ಹಾಕಿಕೊಂಡು, ದಂಡಯಾತ್ರೆಗೆ ಹೊರಟ ಮಹಾರಾಜನಂತೆ ಅಂಗಳಕ್ಕೆ ಇಳಿದರು. ಬಾನೆಟ್ ಎತ್ತಿದರು. ಕಡ್ಡಿ ಎಳೆದರು, ಒರೆಸಿದರು, ಇಳಿಸಿದರು, ಮತ್ತೆ ಎಳೆದರು.

ಕಡ್ಡಿಯಲ್ಲಿ ಏನೂ ಇರಲಿಲ್ಲ.

ಮೇಷ್ಟ್ರು ಕನ್ನಡಕ ಸರಿಪಡಿಸಿಕೊಂಡರು. ಗ್ಯಾರೇಜಿನ ನೆಲದ ಮೇಲೆ, ಮೆಕ್ಯಾನಿಕ್‌ಗಳ ಉಗುರಿನ ಸಂದಿಯಲ್ಲಿ ಅವರು ನೋಡಿದ ಎಣ್ಣೆಯೆಲ್ಲ ಕಾಡಿಗೆಯಂತೆ ಕಪ್ಪು. ಇಲ್ಲಿ ಕಪ್ಪಿನ ಗೆರೆಯೇ ಇಲ್ಲ. ಬಿಸಿಲಿಗೆ ಹಿಡಿದರೆ ಕಡ್ಡಿ ತೊಳೆದಿಟ್ಟ ಚಮಚದಂತೆ ಫಳಫಳ ಹೊಳೆಯಿತು. ಒಂದು ಹನಿಯೂ ಇಲ್ಲದ ಕಾರಿನಲ್ಲಿ ಹೆಂಡತಿ ದಿನಾ ಅಂಗಡಿಗೆ ಹೋಗಿ ಬರುತ್ತಿದ್ದಾಳಲ್ಲ, ನಾಳೆ ಇದೇ ಕಾರಿನಲ್ಲಿ ಮಾವನವರನ್ನು ಕೂರಿಸಿಕೊಂಡು ಹೊರಡಬೇಕಿತ್ತಲ್ಲ ಎಂದು ಬೆವರು ಒರೆಸಿಕೊಂಡು ಅರ್ಧ ಡಬ್ಬಿ ಸುರಿದರು. ಮತ್ತೆ ಕಡ್ಡಿ ನೋಡಿದರು. ಆಗಲೂ ಕಪ್ಪು ಕಾಣಲಿಲ್ಲ. ಉಳಿದ ಅರ್ಧವನ್ನೂ ಸುರಿದು, ಖಾಲಿ ಡಬ್ಬಿಯನ್ನು ಗುಜರಿ ಮೂಟೆಯ ತಳಕ್ಕೆ ತುರುಕಿ ಕೈ ತೊಳೆದುಕೊಂಡರು.

ಸಂಜೆ ಅಡುಗೆಮನೆಯ ಬಾಗಿಲಿಗೆ ಒರಗಿ ವರದಿ ಒಪ್ಪಿಸಿದರು. "ಎಣ್ಣೆ ನೋಡಿದೆ. ಕೊಂಚ ಕಮ್ಮಿ ಇತ್ತು. ಹಾಕಿದೆ."

ಒಗ್ಗರಣೆ ಸೌಟು ಹಿಡಿದಿದ್ದ ಹೆಂಡತಿಯ ಕೈ ನಿಂತಿತು. "ನೀವು ಹಾಕಿದ್ರಾ?"

"ಮತ್ತೆ ಯಾರು ಹಾಕ್ತಾರೆ, ಪಕ್ಕದ ಮನೆಯವರಾ?"

ಅವಳು ಬಾಯಿ ತೆರೆದಳು, ಏನೋ ಯೋಚಿಸಿ ಮುಚ್ಚಿದಳು. ಮುಂದಿನ ಕೋಣೆಯಲ್ಲಿ ಮಾವನವರಿಗೆ ಕೆಮ್ಮು ಬಂತು. ಕೆಮ್ಮು ಸ್ವಲ್ಪ ಹೊತ್ತು ನಿಲ್ಲಲೇ ಇಲ್ಲ.

ಸೋಮವಾರ ಕಾರು ಗೇಟು ದಾಟಿ ದೊಡ್ಡ ರಸ್ತೆಗೆ ಬೀಳುವವರೆಗೆ ಎಲ್ಲ ಸುಸೂತ್ರವಾಗಿತ್ತು. ಮೇಷ್ಟ್ರು ಸ್ಟೇರಿಂಗ್ ಹಿಡಿದಿದ್ದರು. ಪಕ್ಕದಲ್ಲಿ ಮಾವ, ಹಿಂದೆ ಆಸ್ಪತ್ರೆಯ ಚೀಟಿಗಳ ಚೀಲವನ್ನು ಮಗುವಿನಂತೆ ತಬ್ಬಿಕೊಂಡ ಹೆಂಡತಿ. ಮಾರುಕಟ್ಟೆ ದಾಟುವ ಹೊತ್ತಿಗೆ ಏನೋ ಸುಟ್ಟ ವಾಸನೆ ಮೇಷ್ಟ್ರ ಮೂಗಿಗೆ ಬಡಿಯಿತು.

"ಯಾರೋ ಟೈರ್ ಸುಡ್ತಿದಾರೆ" ಎಂದರು, ಯಾರೂ ಕೇಳದಿದ್ದರೂ.

ಎಲ್ಲದಕ್ಕೂ ಒಂದು ಕೊಕ್ಕೆ ಹಾಕುವ ಹೆಂಡತಿ ಇವತ್ತು ತುಟಿ ಹೊಲಿದುಕೊಂಡು ಕೂತಿದ್ದಾಳೆ. ಅವಳಿಗೆ ಗೊತ್ತಾಗಿಬಿಟ್ಟಿದೆ ಎಂದುಕೊಂಡರು ಮೇಷ್ಟ್ರು. ಗುಜರಿ ಮೂಟೆ ಬಿಚ್ಚಿ ನೋಡಿದ್ದಾಳೆ, ಆಪರೇಷನ್ ಮುಗಿಯಲಿ ಅಂತ ಕಾಯುತ್ತಿದ್ದಾಳೆ, ಆಮೇಲೆ ಇದೆ ನನಗೆ.

ಕೆಂಪು ದೀಪಕ್ಕೆ ನಿಂತಾಗ ಬೈಕಿನವನೊಬ್ಬ ಕಿಟಕಿ ಬಡಿದ. "ಸಾರ್, ಹಿಂದೆ ಹೊಗೆ ನೋಡಿ."

"ಚಳಿಗೆ ಹಾಗೇ ಬರುತ್ತೆ" ಎಂದರು ಮೇಷ್ಟ್ರು.

ಬೈಕಿನವನು ತನ್ನ ಹಣೆಯ ಬೆವರು ಒರೆಸಿಕೊಂಡು ಅವರನ್ನೇ ನೋಡಿದ. ಕನ್ನಡಿಯಲ್ಲಿ ಹಿಂದಿನ ರಸ್ತೆಯೇ ಮಾಯವಾಗಿತ್ತು. ನೀಲಿ ಹೊಗೆಯೊಳಗಿಂದ ಹಾರ್ನುಗಳಷ್ಟೇ ಕೇಳುತ್ತಿದ್ದವು. ಮೇಷ್ಟ್ರ ಅಂಗೈ ಬೆವೆತು ಸ್ಟೇರಿಂಗ್ ಜಾರತೊಡಗಿತು. ನಿಲ್ಲಿಸಿದರೆ ಡಾಕ್ಟರು ತಪ್ಪುತ್ತಾರೆ. ನಿಲ್ಲಿಸದಿದ್ದರೆ ಕಾರು ಏನಾಗುತ್ತದೋ. ಅತ್ತ ದರಿ, ಇತ್ತ ಪುಲಿ.

"ಮಾವ, ಈ ಇಂಜಿನ್ ಸದ್ದು..."

"ಗಟ್ಟಿ ಇಂಜಿನ್" ಎಂದರು ಮಾವ, ಬೇಕಾದ್ದಕ್ಕಿಂತ ಬೇಗ. "ಏನೂ ಆಗಲ್ಲ. ನಡೀರಿ."

ಮೇಲ್ಸೇತುವೆಯ ಏರು ಶುರುವಾಯಿತು. ಕಾರು ಒಮ್ಮೆ ಜಗ್ಗಿತು, ಇನ್ನೊಮ್ಮೆ ಜಗ್ಗಿತು, ಮುದಿ ಕುದುರೆಯ ಹಾಗೆ ನಡುಗಿ ನಿಂತೇಬಿಟ್ಟಿತು. ಬಾನೆಟ್ಟಿನ ಸಂದಿಯಿಂದಲೂ ಹೊಗೆ ಏಳತೊಡಗಿತು.

"ಇಳೀರಿ, ಎಲ್ಲರೂ ಇಳೀರಿ." ಮೇಷ್ಟ್ರ ದನಿ ಅವರಿಗೇ ಅಪರಿಚಿತವಾಗಿ ಕೇಳಿಸಿತು. ಹೆಂಡತಿ ಅಪ್ಪನ ಕಡೆಯ ಬಾಗಿಲು ತೆಗೆದು, ಅವರ ರಟ್ಟೆ ಹಿಡಿದು ಅಂಚಿಗೆ ಎಳೆದಳು. ಲಾರಿಯೊಂದು ಕೂದಲೆಳೆಯಷ್ಟು ದೂರದಲ್ಲಿ ಭರ್ರೆಂದು ಹೋಯಿತು. ಕಣ್ಣು ಕಾಣದ ಮುದುಕರನ್ನು ಸೇತುವೆಯ ನಡುವೆ ನಿಲ್ಲಿಸಿದ್ದೇನೆ ಎಂಬುದು ಆಗ ಮೇಷ್ಟ್ರ ತಲೆಗೆ ಹತ್ತಿತು.

ಸೇತುವೆಯ ಬುಡದಲ್ಲಿ ಗ್ಯಾರೇಜೊಂದಿತ್ತು. ಹೊಗೆ ನೋಡಿ ಅಲ್ಲಿಯವನು ಬಕೆಟ್ಟಿನಲ್ಲಿ ಮರಳು ಹಿಡಿದು ಓಡಿ ಬಂದ. ಬಾನೆಟ್ ಎತ್ತಿ ಇಣುಕಿದ. ಬೆಂಕಿಯಿರಲಿಲ್ಲ. ಕಡ್ಡಿ ಎಳೆದ. ತುದಿಯಿಂದ ಹಿಡಿಕೆಯವರೆಗೆ ಎಣ್ಣೆ ತೊಟ್ಟಿಕ್ಕುತ್ತಿತ್ತು.

"ಯಾರು ಹೊಯ್ದಿದ್ದು?" ಎಂದು ಕೇಳಿದ.

ಮೇಷ್ಟ್ರು ತಲೆ ತಗ್ಗಿಸಿದರು. "ನಾನೇ. ಕಡ್ಡಿಯಲ್ಲಿ ಏನೂ ಕಾಣಲಿಲ್ಲ. ಒಂದು... ಪೂರ್ತಿ ಡಬ್ಬಿ."

ಅವನು ಕಡ್ಡಿ ನೋಡಿದ, ಮೇಷ್ಟ್ರನ್ನು ನೋಡಿದ. "ಒಂದು ಡಬ್ಬಿಗೆ ಇಷ್ಟಾಗಲ್ಲ ಸಾರ್."

ಹೆಂಡತಿ ಚೀಲದ ಹಿಡಿಕೆ ತಿರುವುತ್ತ ಮೆಲ್ಲಗೆ ಹೇಳಿದಳು. "ಶನಿವಾರ ಬೆಳಗ್ಗೆ, ಇವರು ಶಾಲೆಗೆ ಹೋದ ಮೇಲೆ, ನಾನೂ ಹಾಕಿದ್ದೆ. ಗುರುತಿಗೆ ಸರಿಯಾಗೇ ಹಾಕಿದ್ದೆ."

"ನೀನಾ?" ಎಂದರು ಮೇಷ್ಟ್ರು.

"ಬಕೆಟ್ ನೆನಪಾಯ್ತು ರೀ. ನಿಮ್ಮನ್ನ ನಂಬಿಕೊಂಡು ಅಪ್ಪನ ಕಣ್ಣು ಕಳೆಯೋದಾ ಅನ್ನಿಸ್ತು. ನಿನ್ನೆ ನೀವು ಹಾಕಿದೆ ಅಂದಾಗ ಹೇಳೋಣ ಅಂದ್ಕೊಂಡೆ. ಆಪರೇಷನ್ ಹಿಂದಿನ ದಿನ ಜಗಳ ಯಾಕೆ, ಒಂದು ಚೂರು ಜಾಸ್ತಿ ಆದ್ರೆ ಏನಾಗುತ್ತೆ ಅಂತ ಸುಮ್ಮನಾದೆ."

"ಹಾಗಾದ್ರೆ ನಾನು ನೋಡಿದಾಗ ಯಾಕೆ ಕಾಣಲಿಲ್ಲ?"

"ಹಳೇದು ತಳದಲ್ಲಿ ಇದ್ದದ್ದೇ ಚೂರು. ಮಿಕ್ಕಿದ್ದೆಲ್ಲ ಹೊಸ ಆಯಿಲ್ ರೀ. ತಿಳಿಯಾಗಿರುತ್ತೆ, ನೀರಿನ ಥರ. ನೀವು ಕಪ್ಪು ಹುಡುಕಿದ್ರೆ ಎಲ್ಲಿ ಕಾಣುತ್ತೆ?"

ಬೂದು ಬಣ್ಣದ ಒಂದೊಂದು ಛಾಯೆಗೂ ಒಂದೊಂದು ಹೆಸರು ಹೇಳಬಲ್ಲ ಮೇಷ್ಟ್ರು ಕಡ್ಡಿಯನ್ನು ಬಗ್ಗಿ ಇನ್ನೊಮ್ಮೆ ನೋಡಿದರು. ಗ್ಯಾರೇಜಿನವನು ಮಾತ್ರ ಇನ್ನೂ ತಲೆ ಅಲ್ಲಾಡಿಸುತ್ತಿದ್ದ. "ಇಬ್ಬರದು ಸೇರಿದರೂ ಇಷ್ಟು ಆಗಲ್ಲ."

ಮಾವನವರು ಗಂಟಲು ಸರಿಪಡಿಸಿಕೊಂಡರು. "ನನ್ನದೂ ಸ್ವಲ್ಪ ಇದೆ."

"ಅಪ್ಪಾ."

"ಶನಿವಾರ ಮಧ್ಯಾಹ್ನ ತಡಕಾಡಿಕೊಂಡು ಹೋದೆ. ನಿನ್ನ ಗಂಡನ ಮೇಲೂ ನಂಬಿಕೆ ಇರಲಿಲ್ಲ, ನೀನು ಹಾಕಿರ್ತೀಯ ಅಂತಲೂ ಗೊತ್ತಿರಲಿಲ್ಲ. ನನ್ನ ಮಂಚದ ಕೆಳಗೆ ಬಸ್ಸಿನ ಕಾಲದ ಒಂದು ಎಣ್ಣೆ ಡಬ್ಬಿ ಇತ್ತು. ಸ್ವಲ್ಪ ಹೊಯ್ದೆ."

"ಸ್ವಲ್ಪ ಅಂದ್ರೆ ಎಷ್ಟು ಯಜಮಾನ್ರೆ?" ಗ್ಯಾರೇಜಿನವನು ಕೇಳಿದ.

"ಬಸ್ಸಿನ ಲೆಕ್ಕದಲ್ಲಿ ಸ್ವಲ್ಪ."

ಅವನು ಕಡ್ಡಿಯನ್ನು ವಾಪಸ್ ಇಳಿಸಿದ. "ಎಣ್ಣೆ ಜಾಸ್ತಿಯಾದ್ರೆ ಮನುಷ್ಯರೇ ನೆಟ್ಟಗೆ ನಡೆಯಲ್ಲ. ಪಾಪ, ಇದೇನು ಮಾಡುತ್ತೆ. ಮತ್ತೆ ಸ್ಟಾರ್ಟ್ ಮಾಡಬೇಡಿ. ಎಲ್ಲ ಬಸಿದು, ತೊಳೆದು ನೋಡಬೇಕು. ಸಂಜೆ ಬನ್ನಿ."

ಹೆಂಡತಿ ವಾಚು ನೋಡಿಕೊಂಡಳು. ಅವಳ ಕಣ್ಣು ತುಂಬಿತು. ಮೇಷ್ಟ್ರು ಹೋಗುವ ಬರುವ ಕಾರುಗಳಿಗೆಲ್ಲ ಕೈ ಒಡ್ಡಿದರು. ಹೊಗೆಯ ವಾಸನೆ ಹೊಡೆಯುವ, ಎಣ್ಣೆಗೈಯ ಮನುಷ್ಯನಿಗೆ ಯಾರು ನಿಲ್ಲಿಸುತ್ತಾರೆ? ಒಬ್ಬ ಕಿಟಕಿ ಗಾಜನ್ನೇ ಏರಿಸಿಕೊಂಡ.

ಅಷ್ಟರಲ್ಲಿ ಮಾವನವರು ತಲೆ ಓರೆ ಮಾಡಿ ಏನನ್ನೋ ಆಲಿಸಿದರು. ಮಗಳ ಹೆಗಲ ಮೇಲೆ ಒಂದು ಕೈಯಿಟ್ಟು, ಇನ್ನೊಂದು ಅಂಗೈಯನ್ನು ಎದೆಮಟ್ಟಕ್ಕೆ ಎತ್ತಿ, ಎರಡು ಸಲ ಕೆಳಕ್ಕೆ ತಟ್ಟಿದಂತೆ ಆಡಿಸಿದರು. ಬಸ್ಸು ಓಡಿಸುವವರು ತಮ್ಮತಮ್ಮಲ್ಲೇ ಮಾಡುವ ಸನ್ನೆ ಅದು. ಕೆಳಗಿನಿಂದ ಏರಿ ಬರುತ್ತಿದ್ದ ದೊಡ್ಡ ಬಸ್ಸು, ನಿಲ್ದಾಣವೇ ಅಲ್ಲದ ಆ ಜಾಗದಲ್ಲಿ, ಬುಸ್ಸೆಂದು ನಿಂತಿತು.

ಚಾಲಕ ಕಿಟಕಿಯಿಂದ ಬಗ್ಗಿ ನೋಡಿದ. "ಅಯ್ಯೋ, ನಿಧಾನಪ್ಪನೋರು. ಹತ್ತಿ ಗುರುಗಳೇ, ಬೇಗ ಹತ್ತಿ."

ಮಾವನವರನ್ನು ಕೆಲಸದಲ್ಲಿ ಹಾಗೆ ಕರೆಯುತ್ತಿದ್ದರೆಂದು ಮೇಷ್ಟ್ರಿಗೆ ಗೊತ್ತಾದದ್ದೇ ಆಗ. ಕೀಲಿಯನ್ನು ಗ್ಯಾರೇಜಿನವನ ಕೈಗಿಟ್ಟು ಮೂವರೂ ಹತ್ತಿದರು. ಆಸ್ಪತ್ರೆಯ ಗೇಟಿನ ಎದುರಿಗೇ ಬಸ್ಸು ಇಳಿಸಿಹೋಯಿತು. ಒಳಗೆ ಮಾವನವರ ಹೆಸರು ಕೂಗಿ ಆಗಲೇ ಮುಂದಿನವರನ್ನು ಕರೆಯಲು ಹೊರಟಿದ್ದರು. ಹೆಂಡತಿ ಚೀಲ ಎತ್ತಿ ಹಿಡಿದು ಓಡಿದಳು.

ಹೊರಗೆ ಬೆಂಚಿನ ಮೇಲೆ ಗಂಡ ಹೆಂಡತಿ ಕೂತರು. ಮೇಷ್ಟ್ರು, "ನಲ್ಲಿಗೆ ನಾಳೆ ಪ್ಲಂಬರ್ ಕರೆಸ್ತೀನಿ" ಎಂದರು. ಹೆಂಡತಿ ಅವರ ಎಣ್ಣೆಗೈ ಹಿಡಿದುಕೊಂಡು ತನ್ನ ಕರ್ಚೀಫಿನಿಂದ ಒರೆಸಿದಳು. "ನಾನೂ ಹೇಳಬೇಕಿತ್ತು" ಎಂದಳು.

ಆಪರೇಷನ್ ಸಲೀಸಾಗಿ ಮುಗಿಯಿತು. ಒಂದು ಕಣ್ಣಿಗೆ ಮುಚ್ಚಳ ಅಂಟಿಸಿಕೊಂಡು ಮಾವನವರು ಗಾಲಿ ಕುರ್ಚಿಯಲ್ಲಿ ಹೊರಬಂದರು. ಹಿಂದೆಯೇ ಬಂದ ನರ್ಸಮ್ಮ ಬೆರಳುದ್ದದ ಪುಟ್ಟ ಬಾಟಲಿ ತೋರಿಸಿದಳು.

"ನಾಳೆಯಿಂದ ಈ ಡ್ರಾಪ್ಸ್ ಹಾಕಬೇಕು. ಬೆಳಗ್ಗೆ ಒಂದು ಹನಿ, ರಾತ್ರಿ ಒಂದು ಹನಿ. ಜಾಸ್ತಿ ಬೇಡ. ಮನೇಲಿ ಯಾರು ಹಾಕ್ತೀರಿ?"

ಹೆಂಡತಿ ಮೇಷ್ಟ್ರ ಮುಖ ನೋಡಿದಳು. ಮೇಷ್ಟ್ರು ಗೋಡೆಯ ಗಡಿಯಾರ ನೋಡಿದರು. ಆಮೇಲೆ, ಹಾಳಾದ ಮರ್ಯಾದೆಯನ್ನು ಇಲ್ಲಾದರೂ ಸ್ವಲ್ಪ ಉಳಿಸಿಕೊಳ್ಳೋಣವೆಂದು ಎದ್ದು ನಿಂತು ಕೈ ಚಾಚಿದರು.

"ಕೊಡಿ ಸಿಸ್ಟರ್. ನಾನು ಹಾಕ್ತೀನಿ."

ಮಾವನವರು ತಡಕಾಡಿ ನರ್ಸಮ್ಮನ ಕೈಯಿಂದ ಬಾಟಲಿ ಇಸಕೊಂಡು ತಮ್ಮ ಅಂಗಿಯ ಒಳಜೇಬಿಗೆ ಇಳಿಸಿಕೊಂಡರು.

"ಔಷಧಿ ಯಾವ ಬಣ್ಣ ಇದೆ ತಾಯಿ?"

"ಬಣ್ಣ ಇಲ್ಲ ಅಜ್ಜ. ನೀರಿನ ಥರ ತಿಳಿ."

"ಹಾಗಾದ್ರೆ ಅಳಿಯಂದಿರಿಗೆ ಬೇಡ" ಎಂದರು ಮಾವ. "ಕಣ್ಣಲ್ಲಿ ಕಪ್ಪು ಕಾಣೋ ತನಕ ಸುರೀತಾನೇ ಇರ್ತಾರೆ."