ಬೆರಳಿದ್ದ ಶೂ ಮತ್ತು ಅಮ್ಮನ ಬಂಗುಡೆ

ಲೆಕ್ಕ ಬರೆದಿಡುವುದು ಒಳ್ಳೆಯ ಅಭ್ಯಾಸ ಎಂದು ಶಾಲೆಯಲ್ಲಿ ಹೇಳಿಕೊಟ್ಟರು. ಎಲ್ಲಿ ನಿಲ್ಲಿಸಬೇಕು ಎಂದು ಮಾತ್ರ ಯಾರೂ ಹೇಳಿಕೊಡಲಿಲ್ಲ. ಹಾಗಾಗಿ ಒಂಬತ್ತನೇ ತರಗತಿಯಿಂದ ಇವತ್ತಿನವರೆಗೆ ನನ್ನ ಡೈರಿಯಲ್ಲಿ ಒಂದು ದಿನವೂ ಖಾಲಿ ಇಲ್ಲ. ಮಣಿಪಾಲದ ಬಸ್ಸಿನಲ್ಲಿ ಕಿಟಕಿಯ ಸೀಟು ಸಿಕ್ಕಿದ ದಿನಗಳು, ನಮ್ಮ ಕುಕ್ಕರ್ ಸೀಟಿ ಹೊಡೆಯದೆ ಮೋಸ ಮಾಡಿದ ದಿನಗಳು, ನಾನು ಕೊಡೆ ಮರೆತು ಬಂದ ಊರುಗಳು, ಎಲ್ಲಕ್ಕೂ ಒಂದೊಂದು ಅಂಕಣ ಉಂಟು. ಇದರಿಂದ ಯಾರಿಗೆ ಏನು ಉಪಕಾರವಾಗಿದೆ ಎಂಬುದಕ್ಕೆ ಮಾತ್ರ ಅಂಕಣವಿಲ್ಲ. ಆದರೆ ಒಂದು ಅನುಕೂಲ: ನಾನು ಹೇಳಹೊರಟಿರುವ ಈ ಕತೆಯಲ್ಲಿ ಯಾರಾದರೂ ಸಂಶಯಪಟ್ಟರೆ ತಾರೀಕು ಸಮೇತ ಪುಟ ತೆಗೆದು ತೋರಿಸಬಲ್ಲೆ. ತೋರಿಸು ಎಂದು ಈವರೆಗೆ ಯಾರೂ ಕೇಳಿಲ್ಲ, ಅದು ಬೇರೆ ವಿಷಯ.

2006ರ ಸೆಪ್ಟೆಂಬರ್ 17, ಭಾನುವಾರ, ಕಾಪುವಿನ ದೀಪಸ್ತಂಭದ ಬಂಡೆಯ ಮೇಲಿಂದ ನಾನು ಜಾರಿ ಬಿದ್ದೆ. ಅಲೆ ಎಷ್ಟು ಎತ್ತರಕ್ಕೆ ಬರುತ್ತದೆ ಎಂದು ಎಣಿಸುತ್ತಿದ್ದೆ. ಹದಿನಾಲ್ಕನೆಯದು ನನ್ನನ್ನೇ ಎಣಿಸಿತು. ಎಡಗಾಲಿನ ಹಿಮ್ಮಡಿಯ ಮೂಳೆ ಒಡೆದಿತ್ತು. ಮಣಿಪಾಲದ ಡಾಕ್ಟರು ಎಕ್ಸ್‌ರೇಯನ್ನು ಬೆಳಕಿಗೆ ಹಿಡಿದು, "ನಡೀಬಹುದು, ಓಡುವುದು ಕಷ್ಟ" ಎಂದರು. ಅಮ್ಮ ಅಲ್ಲೇ, ಆಸ್ಪತ್ರೆಯ ವರಾಂಡದಲ್ಲಿ, ಬೆಳ್ಮಣ್ಣಿನಿಂದ ಓಡಿ ಬಂದಿದ್ದ ತನ್ನ ತಂಗಿಯ ಎದುರಿಗೇ ಹರಕೆ ಹೇಳಿಕೊಂಡಳು: ಮಗ ಮೊದಲಿನ ಹಾಗೆ ಓಡುವಂತಾದರೆ ಕಾಪುವಿನ ನಮ್ಮ ಮನೆಯಿಂದ ಕಾರ್ಕಳದ ಕಡೆಯ ಪುಣ್ಯಕ್ಷೇತ್ರದ ಇಗರ್ಜಿಯವರೆಗೆ, ಅಂದರೆ ಚರ್ಚಿನವರೆಗೆ, ಅವನು ಬರಿಗಾಲಲ್ಲಿ ಓಡಿ ಬಂದು ಮೇಣದಬತ್ತಿ ಹಚ್ಚುತ್ತಾನೆ, ಅಲ್ಲಿಯವರೆಗೆ ತಾನು ಮೀನು ಮುಟ್ಟುವುದಿಲ್ಲ. ಬೇರೆಯವರ ತಾಯಂದಿರು ಹರಕೆಗೆ ತಮ್ಮ ಬಳೆಯನ್ನೋ ಉಪವಾಸವನ್ನೋ ಒಪ್ಪಿಸುತ್ತಾರೆ. ನನ್ನಮ್ಮ ಒಪ್ಪಿಸಿದ್ದು ನನ್ನ ಕಾಲನ್ನು. ಅದೂ ಪ್ಲಾಸ್ಟರಿನಲ್ಲಿದ್ದದ್ದನ್ನು.

ನಾನು ಎಂಟು ತಿಂಗಳಲ್ಲಿ ಓಡತೊಡಗಿದೆ. ಇಲ್ಲಿಂದ ತೊಂದರೆ ಶುರು. ಓಡಲು ಬಾರದಿದ್ದರೆ ಹರಕೆಯ ಸಾಲವೇ ಹುಟ್ಟುತ್ತಿರಲಿಲ್ಲ. ಈಗ ಹುಟ್ಟಿ, ಬೆಳೆದು, ಅಡುಗೆಮನೆಯಲ್ಲಿ ಕುಳಿತಿತ್ತು. ಕಾಪುವಿನಂಥ ಊರಿನಲ್ಲಿ, ಬಾಗಿಲಿಗೇ ಮೀನಿನ ಬುಟ್ಟಿ ಬರುವ ಮನೆಯಲ್ಲಿ, ಅಮ್ಮ ನಮಗೆ ಬಂಗುಡೆ ಹುರಿದು ಬಡಿಸಿ ತಾನು ಉಪ್ಪಿನಕಾಯಿ ನೆಕ್ಕಿಕೊಂಡು ಗಂಜಿ ಉಣ್ಣುತ್ತಿದ್ದಳು. ಬಾಣಲೆಯ ಮೇಲೆ ಬಾಗಿ ಒಮ್ಮೆ ಉದ್ದಕ್ಕೆ ಉಸಿರೆಳೆದುಕೊಳ್ಳುತ್ತಿದ್ದಳು, ಅಷ್ಟೆ. ಆ ಉಸಿರಿನ ಎದುರಿಗೆ ಬಂಗುಡೆ ತಿನ್ನುವುದು ಎಷ್ಟು ಕಷ್ಟ ಎಂದು ಅನುಭವಿಸಿದವನಿಗೇ ಗೊತ್ತು. ಕಷ್ಟಪಟ್ಟೇ ತಿನ್ನುತ್ತಿದ್ದೆ. ಬರಿಗಾಲಲ್ಲಿ ಓಡಲು ಪ್ರಯತ್ನಿಸಲಿಲ್ಲವೆಂದಲ್ಲ. ಡೈರಿಯ ಪ್ರಕಾರ ಮೂರು ಸಲ ಪ್ರಯತ್ನಿಸಿದ್ದೇನೆ. ಅತಿ ಹೆಚ್ಚಿನ ದೂರ: ಗೇಟಿನಿಂದ ಮೋರಿಯವರೆಗೆ, ಮುನ್ನೂರ ನಲವತ್ತು ಹೆಜ್ಜೆ. ಸಿಕ್ಕಿದ್ದು: ಮುಳ್ಳು ಎರಡು, ಗಾಜಿನ ಚೂರು ಒಂದು. ಬಾಲ್ಯದಿಂದ ಮೋಜಾ ಹಾಕಿ ಬೆಳೆಸಿದ ನನ್ನ ಅಂಗಾಲು ಇಡ್ಲಿಯಷ್ಟು ಮೆತ್ತಗೆ. ಇಗರ್ಜಿಯವರೆಗಿನ ಇಪ್ಪತ್ತೆಂಟು ಕಿಲೋಮೀಟರ್ ಎಂದರೆ ಅದು ಚಟ್ನಿಯಾಗಿ ತಲುಪುತ್ತಿತ್ತು.

ಹೀಗೆ ಮೂರು ವರ್ಷ ಕಳೆಯಿತು. ಆಗ ನಾನು ಮಣಿಪಾಲದ ಒಂದು ಆಫೀಸಿನಲ್ಲಿ ಕಡತಗಳನ್ನು ಜೋಡಿಸಿಡುವ ಕೆಲಸದಲ್ಲಿದ್ದೆ. ವಾರವಿಡೀ ಅಲ್ಲೇ ಒಂದು ಬಾಡಿಗೆ ಕೋಣೆ, ಶನಿವಾರ ಮನೆ. ಎದುರು ಕೋಣೆಯಲ್ಲಿ ಯಾವುದೋ ದೂರದೇಶದಿಂದ ಓದಲು ಬಂದ ಹುಡುಗನೊಬ್ಬನಿದ್ದ. 2009ರ ಸೆಪ್ಟೆಂಬರಿನಲ್ಲಿ ಅವನು ಊರಿಗೆ ಹೊರಡುವಾಗ ನನಗೊಂದು ಬಕೆಟ್, ಅರ್ಧ ಡಬ್ಬಿ ಕಾಫಿಪುಡಿ ಮತ್ತು ಒಂದು ಜೊತೆ ವಿಚಿತ್ರ ವಸ್ತು ಕೊಟ್ಟು ಹೋದ. ಅದು ಶೂ. ಆದರೆ ಅದಕ್ಕೆ ಕೈಗವಸಿನ ಹಾಗೆ ಐದೈದು ಬೆರಳು. ಕೆಳಗೆ ಹಪ್ಪಳದಷ್ಟು ತೆಳ್ಳನೆಯ ರಬ್ಬರು. "ಇದನ್ನು ಹಾಕಿದರೆ ಬರಿಗಾಲಲ್ಲಿ ಓಡಿದ ಹಾಗೆಯೇ" ಎಂದು ಅವನು ವಿವರಿಸಿದ. ಬರಿಗಾಲಲ್ಲಿ ಓಡಿದ ಹಾಗೆಯೇ! ನಾನು ಅವನನ್ನು ಅಪ್ಪಿಕೊಂಡೆ. ಕಾಫಿಪುಡಿಗೆ ಇಷ್ಟು ಸಂತೋಷವೇ ಎಂದು ಅವನಿಗೆ ಆಶ್ಚರ್ಯವಾಗಿರಬೇಕು.

ಮೊದಲ ದಿನ ಅದನ್ನು ಹಾಕಿಕೊಳ್ಳಲು ಹನ್ನೊಂದು ನಿಮಿಷ ಹಿಡಿಯಿತು. ಹೆಬ್ಬೆರಳು ಮರ್ಯಾದೆಯಿಂದ ತನ್ನ ಮನೆಗೆ ಹೋಗುತ್ತದೆ. ಕಿರುಬೆರಳು ಮಾತ್ರ ಪ್ರತಿಸಲವೂ ಪಕ್ಕದವನ ಮನೆಗೆ ನುಗ್ಗುತ್ತದೆ. ಇಬ್ಬರೂ ಒಂದೇ ಗೂಡಿನಲ್ಲಿ, ಕೊನೆಯ ಗೂಡು ಖಾಲಿ. ಅದನ್ನು ಎಳೆದು ಸರಿಮಾಡುವಷ್ಟರಲ್ಲಿ ಮೂರನೆಯದು ಹೊರಗೆ. ನನ್ನ ದೇಹದಲ್ಲಿ ನನ್ನ ಮಾತು ಕೇಳದ ಅಂಗಗಳು ಇಷ್ಟಿವೆ ಎಂದು ಗೊತ್ತಿರಲಿಲ್ಲ. ಶನಿವಾರ ಅದನ್ನು ಮನೆಗೆ ತಂದು, ಒಣಗಲೆಂದು ಕಿಟಕಿಯ ಸರಳಿಗೆ ಸಿಕ್ಕಿಸಿದೆ. ನೆರೆಮನೆಯ ವಾಸಣ್ಣ ಅಂಗಳದಿಂದಲೇ ಕೂಗಿದರು: "ಎಂತ ಮಾರಾಯ, ನಿಮ್ಮ ಕಿಟಕಿಯಲ್ಲಿ ಯಾರದ್ದೋ ಕಾಲು ನೇತಾಡ್ತಾ ಉಂಟು! ಉಳಿದ ಭಾಗ ಎಲ್ಲಿ?"

ಅಮ್ಮನಿಗೆ ನಾನು ಬಹಳ ತಯಾರಿ ಮಾಡಿಕೊಂಡು ವಿಷಯ ಮಂಡಿಸಿದೆ. ನಮ್ಮ ಮನೆಯ ಮಾತು ಕೊಂಕಣಿ. ವಾದ ಮಾತ್ರ ಯಾವ ಭಾಷೆಯಲ್ಲೂ ನಡೆಯುವಂಥದ್ದೇ. "ಮಾಯ್, ಇದು ಶೂ ಅಲ್ಲ. ಶೂಗೆ ಬೆರಳಿರ್ತದಾ? ಇದು ಕಾಲೇ. ಸ್ವಲ್ಪ ದಪ್ಪ ಚರ್ಮದ ಕಾಲು ಅಂತ ತಿಳ್ಕೋ." ಅಮ್ಮ ಒಂದನ್ನು ಕೈಗೆತ್ತಿಕೊಂಡು, ಮೀನು ತಾಜಾ ಉಂಟಾ ಎಂದು ನೋಡುವವಳ ಹಾಗೆ ಬೆರಳುಗಳನ್ನು ಒತ್ತಿದಳು. ತಿರುಗಿಸಿದಳು. ಮೂಸಿ ದೂರ ಹಿಡಿದಳು.

"ಹೊಲಿಗೆ ಉಂಟು," ಎಂದಳು.

"ಅದಕ್ಕೆ?"

"ಹೊಲಿದದ್ದು ಎಂತದ್ದಾದರೂ ಚಪ್ಪಲಿಯೇ, ಪುತಾ. ನಿನ್ನ ಕಾಲನ್ನು ನಾನು ಹೊಲಿಯಲಿಲ್ಲ."

ಊರಿನ ಪಾದ್ರಿಯವರಲ್ಲಿ ಮೇಲ್ಮನವಿ ಸಲ್ಲಿಸಿದೆ. ಅವರು ನಗುವುದನ್ನು ನಿಲ್ಲಿಸಲು ಸಾಕಷ್ಟು ಹೊತ್ತು ತೆಗೆದುಕೊಂಡು, "ದೇವರನ್ನು ನಾನು ಒಪ್ಪಿಸಬಹುದು. ನಿಮ್ಮ ಅಮ್ಮನನ್ನು ನೀನೇ ಒಪ್ಪಿಸಬೇಕು" ಎಂದರು. ಕೊನೆಗೆ ಅಮ್ಮ ಅರ್ಧ ತೀರ್ಪು ಕೊಟ್ಟಳು: "ಮೊದಲು ಓಡಿ ಮುಟ್ಟು. ಮತ್ತೆ ನೋಡುವ." ಮೀನಿನ ವಿಷಯ ಎತ್ತಲಿಲ್ಲ. ನಾನೂ ಎತ್ತಲಿಲ್ಲ. ಆದರೆ ಆ ಸಂಜೆ ಡೈರಿಯ ಹೊಸ ಪುಟದ ತಲೆಯಲ್ಲಿ ದಪ್ಪ ಅಕ್ಷರದಲ್ಲಿ ಬರೆದೆ: "ಅಮ್ಮನಿಗೆ ಬಂಗುಡೆ."

ತರಬೇತಿ ಶುರುವಾಯಿತು. ಶನಿವಾರ, ಭಾನುವಾರ ಬೆಳಿಗ್ಗೆ ಕಾಪುವಿನಿಂದ ಮಟ್ಟುವಿನವರೆಗೆ ಕಡಲ ಬದಿಯಲ್ಲಿ. ವಾರದ ದಿನಗಳಲ್ಲಿ ಮಣಿಪಾಲದಿಂದ ಉಡುಪಿಗೆ ಇಳಿದು ಮತ್ತೆ ಹತ್ತುವುದು. ಈ ಶೂವಿನಲ್ಲಿ ಹಿಮ್ಮಡಿ ಊರಿ ಓಡುವಂತಿಲ್ಲ. ಊರಿದರೆ ಪೆಟ್ಟು ನೇರ ತಲೆಬುರುಡೆಗೆ. ಮುಂಗಾಲಿನಲ್ಲಿ, ಕದ್ದು ಅಡುಗೆಮನೆಗೆ ಹೋಗುವ ಬೆಕ್ಕಿನ ಹಾಗೆ ಸಣ್ಣ ಸಣ್ಣ ಹೆಜ್ಜೆ ಇಡಬೇಕು. ಮೊದಲ ವಾರ ಮೀನಖಂಡ ಹೇಗೆ ಬಿಗಿಯಿತೆಂದರೆ ಆಫೀಸಿನ ಮೆಟ್ಟಿಲನ್ನು ನಾನು ಹಿಮ್ಮುಖವಾಗಿ ಇಳಿಯುತ್ತಿದ್ದೆ. ಮೇಲಧಿಕಾರಿಗೆ ಬೆನ್ನು ತೋರಿಸಬಾರದೆಂಬ ವಿನಯ ಎಂದು ಅವರು ತಿಳಿದುಕೊಂಡರು, ನಾನು ತಿದ್ದಲಿಲ್ಲ. ಮೂರು ತಿಂಗಳ ಒಟ್ಟು ಲೆಕ್ಕ: ಅಟ್ಟಿಸಿಕೊಂಡು ಬಂದ ನಾಯಿಗಳು ಹದಿನೇಳು; ನಿಲ್ಲಿಸಿ "ಬನ್ನಿ, ಬಿಡ್ತೇನೆ" ಎಂದ ಬೈಕಿನವರು ಇಪ್ಪತ್ತಮೂರು; "ಬಸ್ ತಪ್ಪಿತಾ?" ಎಂದು ಕೇಳಿದವರು ನಲವತ್ತೊಂದು. ನಮ್ಮ ಕಡೆ ಮನುಷ್ಯ ಓಡುತ್ತಾನೆಂದರೆ ಮುಂದೆ ಬಸ್ಸಿರಬೇಕು, ಇಲ್ಲವೆ ಹಿಂದೆ ನಾಯಿ ಇರಬೇಕು. ಎರಡೂ ಇಲ್ಲದೆ ಓಡುವವನನ್ನು ಕಂಡರೆ ಜನಕ್ಕೆ ಕನಿಕರ. ಮಟ್ಟುವಿನಲ್ಲಿ ಗುಳ್ಳ ಬದನೆಗೆ ನೀರು ಬಿಡುತ್ತಿದ್ದ ಒಬ್ಬರು ಅಕ್ಕ ಮಾತ್ರ ವಾರವಾರವೂ ನೋಡಿ ನೋಡಿ, ಒಂದು ದಿನ ಎರಡು ಗುಳ್ಳ ಕೈಗಿಟ್ಟು, "ಮನೆಯಲ್ಲಿ ಅಮ್ಮನಿಗೆ ಹೇಳಿ, ಹೊಟ್ಟೆ ತುಂಬಾ ಊಟ ಹಾಕ್ಲಿಕ್ಕೆ" ಎಂದರು. ಅವತ್ತು ಎರಡು ಕೈಯಲ್ಲೂ ಬದನೆಕಾಯಿ ಹಿಡಿದು ಆರು ಕಿಲೋಮೀಟರ್ ಓಡಿದೆ.

ಡಿಸೆಂಬರ್ 12, ಶನಿವಾರ, ಬೆಳಿಗ್ಗೆ ಐದೂ ಮುಕ್ಕಾಲಿಗೆ ಹೊರಟೆ. ಶೂ ಹಾಕಲು ಹಿಡಿದದ್ದು ನಾಲ್ಕು ನಿಮಿಷ, ಅದು ನನ್ನ ಅತ್ಯುತ್ತಮ ಸಾಧನೆ. ಅಮ್ಮ ಗೇಟಿನವರೆಗೆ ಬಂದು ಮೇಣದಬತ್ತಿಯನ್ನು ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿ ನನ್ನ ಸೊಂಟಕ್ಕೆ ಕಟ್ಟಿದಳು, ಶೂವನ್ನು ಒಮ್ಮೆ ನೋಡಿದಳು. ಶಿರ್ವದವರೆಗೆ ತಂಪಿನಲ್ಲಿ ಸುಖವಾಗಿ ಹೋದೆ. ಶಿರ್ವ ದಾಟಿದ ಮೇಲೆ ರಸ್ತೆಗೆ ಜಲ್ಲಿ ಹಾಕುತ್ತಿದ್ದರು. ಗದಗ, ಬಾಗಲಕೋಟೆ ಕಡೆಯ ಕೆಲಸದವರು. ಗಂಡಸರು ಹೆಂಗಸರು ಎಲ್ಲ ಬರಿಗಾಲಲ್ಲೇ ಆ ಜಲ್ಲಿಯ ಮೇಲೆ ಬುಟ್ಟಿ ಹೊತ್ತು ಹುಲ್ಲಿನ ಮೇಲೆ ನಡೆದ ಹಾಗೆ ನಡೆಯುತ್ತಿದ್ದರು. ನಾನು ಬೆರಳು ಬೆರಳು ಬಿಡಿಸಿಟ್ಟು ಅಯ್ಯೋ ಅಪ್ಪಾ ಎಂದು ದಾಟುತ್ತಿದ್ದೆ. ಒಬ್ಬ ಮುದುಕ ಸಲಿಕೆ ಊರಿ ನಿಂತು, "ಯಾಕ್ರೀ ತಮ್ಮಾ, ಯಾರರ ಬೆನ್ನ ಹತ್ಯಾರೇನ್ರಿ?" ಎಂದು ಕೇಳಿದ. "ಇಲ್ಲ ಅಜ್ಜಾ, ಹರಕೆ. ಬರಿಗಾಲಲ್ಲಿ ಓಡುವುದು." ಅವನು ಬಾಗಿ ನನ್ನ ಪಾದ ನೋಡಿ, ಆಮೇಲೆ ತನ್ನ ಪಾದ ನೋಡಿಕೊಂಡು, "ಬರಿಗಾಲಿಗೆ ಇಷ್ಟೆಲ್ಲಾ ಸಾಮಾನ ಬೇಕಾಗ್ತೈತೇನ್ರಿ?" ಎಂದ. ನನ್ನ ವಾದವನ್ನು ಅಷ್ಟು ಸಲೀಸಾಗಿ ಅಮ್ಮನೂ ಮುರಿದಿರಲಿಲ್ಲ.

ಬೆಳ್ಮಣ್ಣಿನಲ್ಲಿ ಮಾವ್ಶಿ, ಹರಕೆಗೆ ಸಾಕ್ಷಿಯಾಗಿದ್ದ ಆ ಚಿಕ್ಕಮ್ಮ, ರಸ್ತೆಗೇ ಬಂದು ಕಾಯುತ್ತಿದ್ದಳು. "ಒಳಗೆ ಬಾ, ಸಣ್ಣ ಮಾಡಿದ್ದೇನೆ, ನಿನಗೆ ಅಂತಲೇ!" ಎಂದು ಆವಿಯಲ್ಲಿ ಬೆಂದ, ಇಡ್ಲಿಯಂಥ ಬಿಳಿ ಸಣ್ಣಗಳ ತಟ್ಟೆ ತೋರಿಸಿದಳು. ಒಳಗೆ ಹೋಗುವುದೆಂದರೆ ಹೊಸ್ತಿಲಲ್ಲಿ ಶೂ ಕಳಚುವುದು. ಕಳಚಿದರೆ ಮತ್ತೆ ನಾಲ್ಕು ನಿಮಿಷ, ಬೆವರಿದ ಕಾಲಿಗೆ ಎಂಟು. "ಬೇಡ ಮಾವ್ಶಿ, ಅಂಗಳದಲ್ಲೇ ಕೊಡು." ನಾನು ನಿಂತಲ್ಲೇ ಕುಣಿಯುತ್ತ ಮೂರು ತಿಂದೆ. ಅವಳು ಅಷ್ಟರಲ್ಲಿ ಫೋನು ಹಚ್ಚಿ ಅಮ್ಮನಿಗೆ ವರದಿ ಒಪ್ಪಿಸುತ್ತಿದ್ದಳು: "ಬಂದ, ಬಂದ. ಕಾಲು ಸರಿ ಉಂಟು. ಇಲ್ಲ, ಹಾಕಿದ್ದಾನೆ, ಅದೇ, ಮಂಗನ ಕಾಲಿನ ಹಾಗಿನದ್ದು. ನೀನು ಅಳಬೇಡ ಮಾರಾಯ್ತಿ, ಚೆನ್ನಾಗಿಯೇ ಓಡ್ತಾನೆ." ಆ ಅಳಬೇಡ ಎಂಬ ಮಾತು ನನ್ನನ್ನು ನಿಟ್ಟೆಯವರೆಗೆ ಓಡಿಸಿತು. ಅಮ್ಮ ಅತ್ತದ್ದು ಹರಕೆ ಕೆಡುತ್ತದೆಂದೋ, ಮಗ ಓಡುತ್ತಾನೆಂದೋ ಗೊತ್ತಾಗಲಿಲ್ಲ. ನಿಟ್ಟೆಯಲ್ಲಿ ಹಾಸ್ಟೆಲಿನ ಹುಡುಗರು ಚಹಾದಂಗಡಿಯಿಂದ ಎದ್ದು ಚಪ್ಪಾಳೆ ತಟ್ಟಿ, "ಸೂಪರ್ ಅಂಕಲ್!" ಎಂದರು. ಆಗ ನನಗೆ ಇಪ್ಪತ್ತನಾಲ್ಕು ವರ್ಷ. ಚಪ್ಪಾಳೆ ಒಂದು, ಅಂಕಲ್ ಒಂದು ಎಂದು ಬರೆದುಕೊಂಡಿದ್ದೇನೆ.

ಹತ್ತು ಗಂಟೆ ಹತ್ತು ನಿಮಿಷಕ್ಕೆ ಇಗರ್ಜಿಯ ಅಂಗಳ ಮುಟ್ಟಿದೆ. ಇಪ್ಪತ್ತೆಂಟು ಕಿಲೋಮೀಟರ್, ಡಾಕ್ಟರು ಕಷ್ಟ ಎಂದಿದ್ದ ಎಡಗಾಲು ಬಲಗಾಲಿಗಿಂತ ಮೊದಲೇ ಒಳಗೆ ಬಿತ್ತು. ಆದರೆ ಮೆಟ್ಟಿಲ ಬಳಿ ಆ ಸಲಿಕೆಯ ಅಜ್ಜನ ಮಾತು ನೆನಪಾಯಿತು, ಅಮ್ಮನ ಹೊಲಿಗೆಯೂ ನೆನಪಾಯಿತು. ಕೊನೆಯ ನಲವತ್ತು ಹೆಜ್ಜೆಯಾದರೂ ಪ್ರಾಮಾಣಿಕವಾಗಿರಲಿ ಎಂದು ಶೂ ಕಳಚಿದೆ. ಅಲ್ಲೇ ನಲ್ಲಿಯಲ್ಲಿ ತೊಳೆದು, ನನ್ನ ಅಚ್ಚುಕಟ್ಟಿನ ಬುದ್ಧಿಗೆ ತಕ್ಕಂತೆ, ಮೇಣದಬತ್ತಿ ಹಚ್ಚುವ ಕಟ್ಟೆಯ ಪಕ್ಕ ಬಿಸಿಲಿಗೆ ಬೆರಳು ಮುಂದೆ ಮಾಡಿ ಸಾಲಾಗಿ ಇಟ್ಟೆ. ಬತ್ತಿ ಹಚ್ಚಿ, ಒಳಗೆ ಹೋಗಿ ಹನ್ನೆರಡು ನಿಮಿಷ ಮೊಣಕಾಲೂರಿ ಕುಳಿತೆ. ಅಮ್ಮನ ಮೀನಿನ ವಿಷಯ ಒಂದನ್ನೇ ಕೇಳಿದೆ. ಹೊರಗೆ ಬಂದರೆ ಶೂ ಇಲ್ಲ.

ಕಟ್ಟೆಯ ಆಚೆ ಒಂದು ಗಾಜಿನ ಕಪಾಟು. ಹರಕೆ ಹೊತ್ತವರು ತಂದೊಪ್ಪಿಸಿದ ಮೇಣದ ಅಂಗಗಳು ಅದರಲ್ಲಿ: ಕೈ, ಕಣ್ಣು, ಕಿವಿ, ಮೊಣಕಾಲು. ನಡುವಿನ ಸಾಲಿನಲ್ಲಿ, ಒಂದು ಮೇಣದ ಕಾಲಿನ ಪಕ್ಕ, ನನ್ನ ಜೋಡಿ ಕಪ್ಪು ಪಾದಗಳು ಗಂಭೀರವಾಗಿ ನಿಂತಿದ್ದವು. ಅಂಗಳ ಗುಡಿಸುವ ಅಜ್ಜ ಕಪಾಟಿಗೆ ಬೀಗ ಹಾಕುತ್ತಿದ್ದರು.

"ಅಜ್ಜಾ, ಅದು ನನ್ನದು."

"ಗೊತ್ತುಂಟು ಮಗಾ, ನೀನು ಇಟ್ಟದ್ದನ್ನು ನೋಡಿದೆ. ಸಂದಿತು."

"ಅದು ಹರಕೆಯ ಕಾಲಲ್ಲ ಅಜ್ಜಾ, ಶೂ."

ಅಜ್ಜ ಕನ್ನಡಕ ಮೇಲೆತ್ತಿ ನನ್ನನ್ನು ನೋಡಿದರು. "ಶೂಗೆ ಬೆರಳಿರ್ತದಾ?"

ಮೂರು ತಿಂಗಳಿನಿಂದ ಮನೆಯಲ್ಲಿ, ಪಾದ್ರಿಯವರಲ್ಲಿ, ರಸ್ತೆಯಲ್ಲಿ ನಾನು ಮಂಡಿಸಿದ್ದ ವಾದ ಅದೊಂದೇ. ಅದನ್ನು ಕೊನೆಗೂ ಒಬ್ಬರು ಒಪ್ಪಿಕೊಂಡಿದ್ದರು. ಅಜ್ಜ ಪ್ರೀತಿಯಿಂದ ಕೇಳಿದರು, "ಯಾವ ಕಾಲಿಗೆ ಆಗಿತ್ತು?" "ಎಡಗಾಲಿಗೆ." "ಒಂದು ಕಾಲು ಗುಣವಾದದ್ದಕ್ಕೆ ಎರಡು ಕೊಟ್ಟಿದ್ದೀ. ಒಳ್ಳೆ ಮನಸ್ಸು" ಎಂದು ಬೆನ್ನು ತಟ್ಟಿ ಪೊರಕೆ ಎತ್ತಿಕೊಂಡರು.

ಡಾಂಬರು ಕಾದಿತ್ತು. ಬಸ್ಸು ಸಿಗುವ ಮುಖ್ಯರಸ್ತೆಯವರೆಗೆ ನೆರಳಿನಿಂದ ನೆರಳಿಗೆ ಹಾರುತ್ತ ಓಡಿದೆ. ಅದು ಯಾವ ಹೊಲಿಗೆಯೂ ಇಲ್ಲದ ಶುದ್ಧ ಬರಿಗಾಲು. ಪಡುಬಿದ್ರಿಯಲ್ಲಿ ಇನ್ನೊಂದು ಬಸ್ಸು ಹಿಡಿದು ಮನೆ ಮುಟ್ಟುವಾಗ ಅಮ್ಮ ಹೊಸ್ತಿಲಲ್ಲಿ ನಿಂತಿದ್ದಳು. ಮೊದಲು ಮುಖ ನೋಡಲಿಲ್ಲ, ಕಾಲು ನೋಡಿದಳು. ಬೊಬ್ಬೆ ಎರಡು, ಮಸಿ ಲೆಕ್ಕವಿಲ್ಲ. ನಡೆದದ್ದನ್ನೆಲ್ಲ ಹೇಳಿದೆ. ನಾನೇ ಒಪ್ಪಿಸಿದ್ದು ಎಂದು ಸುಳ್ಳು ಹೇಳಿದ್ದರೆ ಅವಳಿಗೆ ಮೀನು ಖಾತ್ರಿಯಿತ್ತು; ಆದರೆ ಡೈರಿ ಬರೆಯುವವನಿಗೆ ಆ ಸೌಲಭ್ಯವಿಲ್ಲ. "ನಾನು ಕೊಟ್ಟದ್ದಲ್ಲ ಮಾಯ್. ನನ್ನನ್ನು ಕೇಳದೆ ಅವರೇ ಇಟ್ಟುಕೊಂಡದ್ದು. ಇದು ಸಲ್ಲುವುದಿಲ್ಲ ಅಂತಾದರೆ ಜನವರಿಯಲ್ಲಿ ಇನ್ನೊಂದು ಸಲ ಓಡ್ತೇನೆ."

ಅಮ್ಮ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. ಅಳುತ್ತಾಳೆ ಎಂದುಕೊಂಡೆ. ನಗುತ್ತಿದ್ದಳು, ಮೂರು ವರ್ಷದ ನಗು ಒಟ್ಟಿಗೆ ಬಂದ ಹಾಗೆ, ಬಾಗಿಲ ಚೌಕಟ್ಟು ಹಿಡಿದುಕೊಂಡು. "ನಿನ್ನನ್ನು ಎಂತಕ್ಕೆ ಕೇಳಬೇಕು? ಹರಕೆ ಹೇಳುವಾಗ ನಾನು ನಿನ್ನನ್ನು ಕೇಳಿದ್ದೆನಾ? ತೆಗೆದುಕೊಳ್ಳುವಾಗ ಮೇಲಿನವನೂ ಕೇಳಲಿಲ್ಲ. ಸರಿಯಾಯ್ತು." ಮತ್ತೆ ಒಳಗೆ ತಿರುಗಿ ಬಾಣಲೆ ಒಲೆಗಿಟ್ಟಳು.

ಮೂರು ವರ್ಷ ಎರಡು ತಿಂಗಳು ಇಪ್ಪತ್ತೈದು ದಿನಗಳ ನಂತರ ಅಮ್ಮ ಮೀನು ತಿಂದಳು. ಬಂಗುಡೆ ಐದಿದ್ದವು. ಅಮ್ಮ ನಾಲ್ಕು, ನಾನು ಒಂದು. ನನ್ನದರಲ್ಲೂ ತಲೆಯನ್ನು ಅವಳೇ ಮುರಿದುಕೊಂಡಳು.

ನನ್ನ ಡೈರಿಯಲ್ಲಿ "ಓಡಿದ ದೂರ" ಎಂಬುದರ ಪಕ್ಕ "ಏನು ಹಾಕಿಕೊಂಡು" ಎಂಬ ಅಂಕಣವೊಂದಿತ್ತು. ಅಂಥ ಶೂ ನಮ್ಮ ಕಡೆಯ ಯಾವ ಅಂಗಡಿಯಲ್ಲೂ ಸಿಗಲಿಲ್ಲವಾಗಿ, ಬೊಬ್ಬೆ ಮಾಗಿದ ಮೇಲೆ ಮಟ್ಟುವಿನ ಮರಳಿನಲ್ಲಿ ಹಾಗೆಯೇ ಓಡತೊಡಗಿದೆ. ಆ ಅಂಕಣ ಅಂದಿನಿಂದ ಖಾಲಿ. ಅಂಗಾಲು ಈಗ ಇಡ್ಲಿಯಲ್ಲ, ಹಳೇ ಚಕ್ಕುಲಿ. ಮಾವ್ಶಿಯ ಮನೆಗೆ ಹೋದರೆ ತೆಂಗಿನ ನಾರಿನಿಂದ ಉಜ್ಜಿದ ಮೇಲೆಯೇ ಒಳಗೆ ಪ್ರವೇಶ. ದಾರಿಯಲ್ಲಿ "ಬಸ್ ತಪ್ಪಿತಾ?" ಎಂದು ಕೇಳುವವರು ಕಡಿಮೆಯಾಗಿದ್ದಾರೆ. ಈಗ ಎಲ್ಲರೂ ಕೇಳುವುದು, "ಚಪ್ಪಲಿ ಕಳೆದುಹೋಯಿತಾ?" ಕಳೆದುಹೋಗಿಲ್ಲ, ಇಂಥ ಕಡೆ ಇಂಥ ಕಪಾಟಿನ ನಡುವಿನ ಸಾಲಿನಲ್ಲಿ ಕ್ಷೇಮವಾಗಿದೆ ಎಂದು ಮೊದಮೊದಲು ವಿವರಿಸುತ್ತಿದ್ದೆ. ಕೇಳಿದವರು ಇನ್ನಷ್ಟು ಕನಿಕರದಿಂದ ನೋಡುವುದನ್ನು ಕಂಡು, ಈಗ ಸುಮ್ಮನೆ ಹೌದು ಎನ್ನುತ್ತೇನೆ. ಅದಕ್ಕೂ ಒಂದು ಅಂಕಣ ಹಾಕಿದ್ದೇನೆ: "ಹೇಳಿದ ಸುಳ್ಳು." ಅದು ಮಾತ್ರ ದಿನಕ್ಕೊಂದರಂತೆ ತುಂಬುತ್ತಿದೆ.