ಭಾನುವಾರದ ಡೂಲಿ

ಎಲ್ಲಕ್ಕೂ ಕಾರಣ ಒಂದು ಕೆಮ್ಮು. ಅದೂ ನಿಜವಾದ ಕೆಮ್ಮಲ್ಲ.

ಭಾನುವಾರ ಬೆಳಿಗ್ಗೆ ಮಾಳಿಗೆಯ ಮೆಟ್ಟಿಲಿಳಿಯುವಾಗ ಎಲ್ಬರ್ಟ್ ಪ್ರೂಯಿಟ್ ಮೇಷ್ಟ್ರಿಗೆ ಪಕ್ಕೆಲುಬು ಚುಳ್ಳೆಂದಿತು. 'ಅಯ್ಯಮ್ಮಾ' ಎಂದು ಬಾಯಿಗೆ ಬಂದದ್ದನ್ನು, ಎದುರಿಗೆ ಮನೆಯೊಡತಿ ಮಿಸೆಸ್ ಲಾಂಬರ್ಟ್ ನಿಂತಿದ್ದನ್ನು ಕಂಡು ಅಲ್ಲೇ ಕೆಮ್ಮಾಗಿ ತಿರುಗಿಸಿದರು.

"ಗೊತ್ತಿತ್ತು ನಂಗೆ!" ಎಂದಳು ಆಕೆ. "ಪ್ರತಿ ಸೋಮವಾರ ಕುಂಟೋದು, ಮುಖ ಊದಿಸ್ಕೊಂಡು ಬರೋದು, ರೂಮ್ ತುಂಬ ನೋವಿನೆಣ್ಣೆ ವಾಸನೆ. ನಮ್ಮೆಜಮಾನ್ರೂ ಹೋಗಿದ್ದು ಹೀಗೇ ಶುರುವಾಗಿ. ನಡೀರಿ ಮೇಲೆ, ಮಲಕ್ಕೊಳ್ಳಿ!"

ಆಕೆಯ ಯಜಮಾನರು ಹೋಗಿದ್ದು ಕುದುರೆ ಒದ್ದು. ಆದರೆ ಅದನ್ನು ಆಕೆಗೆ ನೆನಪಿಸುವ ಧೈರ್ಯ ಗ್ರಾಂಟ್ಸ್‌ಫೋರ್ಡ್ ಊರಿನಲ್ಲಿ ಯಾರಿಗೂ ಇರಲಿಲ್ಲ.

ನಿಜ ಸಂಗತಿಯನ್ನು ಮೇಷ್ಟ್ರು ಹೇಳುವಂತಿರಲಿಲ್ಲ. ವಾರವೆಲ್ಲ ಶಾಲೆಯಲ್ಲಿ ಲ್ಯಾಟಿನ್ ಕಲಿಸುವ ಅವರು, ಭಾನುವಾರ ಮಧ್ಯಾಹ್ನ ಡೂಲಿ ಎಂಬ ಸುಳ್ಳು ಹೆಸರಲ್ಲಿ ಕಬ್ಬಿಣದ ಕಾರ್ಖಾನೆಯ ಫುಟ್‌ಬಾಲ್ ತಂಡಕ್ಕೆ ಆಡುತ್ತಿದ್ದರು. ಕಾಲಲ್ಲಿ ಒದೆಯುವ ಫುಟ್‌ಬಾಲಲ್ಲ, ಚೆಂಡನ್ನು ಕೈಯಲ್ಲಿ ಹಿಡಿದು, ಅಡ್ಡ ಬಂದವರನ್ನು ಕೆಡವಿ, ಎದುರಾಳಿಯ ಗೆರೆ ದಾಟುವ ಒರಟು ಆಟ. ಕೂಲಿಗೆ ಆಡುವ ತಂಡ, ಅದೂ ಭಾನುವಾರ! ಗೊತ್ತಾದರೆ ಶಾಲಾ ಮಂಡಳಿ ನಿಂತ ಕಾಲಲ್ಲೇ ಮನೆಗೆ ಕಳಿಸುತ್ತಿತ್ತು. ಮಂಡಳಿಯ ಅಧ್ಯಕ್ಷ ಹಾರ್ಲನ್ ಕ್ರಂಬ್ ಚರ್ಚಿನಲ್ಲೂ ಹಿರಿಯರು. ಭಾನುವಾರ ಚೆಂಡು ಮುಟ್ಟಿದವನು ನರಕದ ಯಾವ ಮೂಲೆಗೆ ಹೋಗುತ್ತಾನೆಂದು ಮನೆ ನಂಬರಿನ ಸಮೇತ ಹೇಳಬಲ್ಲವರು.

ಇಲ್ಲಿಯವರೆಗೆ ಮೇಷ್ಟ್ರನ್ನು ಕಾಪಾಡಿದ್ದು ರಬ್ಬರಿನ ಮೂಗುಕವಚ. ಹಣೆಯಿಂದ ಬಾಯಿವರೆಗೂ ಮುಚ್ಚುವ ಅದನ್ನು ಹಲ್ಲಲ್ಲಿ ಕಚ್ಚಿ ಹಿಡಿಯಬೇಕು. ಮುಖವೂ ಕಾಣದು, ಮಾತೂ ಹೊರಡದು. ಮಾತಾಡದ ಡೂಲಿಯ ಬಗ್ಗೆ ಊರೇ ಮಾತಾಡುತ್ತಿತ್ತು. ಡೂಲಿ ಉತ್ತರದ ಕಾಡಿನಲ್ಲಿ ಮರ ಕಡಿಯುವವನಂತೆ. ಕರಡಿಯೊಂದು ಅವನನ್ನು ಕಂಡು ದಾರಿ ಬಿಟ್ಟಿತಂತೆ. ಹಳಿ ತಪ್ಪಿದ ಟ್ರಾಮನ್ನು ಒಬ್ಬನೇ ಎತ್ತಿ ಇಟ್ಟನಂತೆ. ಹಿಂದಿನ ಬೆಂಚಿನ ಹುಡುಗರು ಇದನ್ನೆಲ್ಲ ಪಿಸುಗುಟ್ಟುವಾಗ ಮೇಷ್ಟ್ರ ಕಿವಿ ಕೆಂಪಾಗುತ್ತಿತ್ತು. ಒಂದು ಕ್ರಿಯಾಪದ ತಪ್ಪಿದರೆ ಬಿಡದ ಮನುಷ್ಯ, ಈ ತಪ್ಪುಗಳನ್ನು ಮಾತ್ರ ಒಮ್ಮೆಯೂ ತಿದ್ದಲಿಲ್ಲ.

ಆ ಭಾನುವಾರದ ಎದುರಾಳಿ ಬೆಲ್‌ಹೇವನ್. ಆರು ವರ್ಷದಿಂದ ಯಾರಿಗೂ ಸೋಲದ ತಂಡ. ಇತ್ತ ಮಿಸೆಸ್ ಲಾಂಬರ್ಟ್ ಸಾಸಿವೆ ಅರೆದು, ಅಂಗೈದಪ್ಪ ಪಟ್ಟು ಮಾಡಿ, ಮೇಷ್ಟ್ರ ಎದೆಗೆ ಹಚ್ಚಿ, ಅದರ ಮೇಲೆ ಎಂಟು ಸುತ್ತು ಬಟ್ಟೆ ಬಿಗಿದಳು.

"ಕದಲಬೇಡಿ. ಸಂಜೆ ಕ್ರಂಬ್ ಅವರಿಗೂ ಬಂದು ನೋಡಿ ಅಂತ ಹೇಳಿದೀನಿ." ಹೊರಗಿನಿಂದ ಬಾಗಿಲಿಗೆ ಚಿಲಕ ಬಿತ್ತು.

ಮೇಷ್ಟ್ರು ಕಿಟಕಿ ಹತ್ತಿದರು. ಮಳೆನೀರಿನ ಕೊಳವೆ ಹಿಡಿದರು. ಕೊಳವೆ ಅವರನ್ನು ಹಿಡಿಯಲಿಲ್ಲ. ಕೆಳಗಿನ ಎಲೆಕೋಸಿನ ಪಾತಿಯಿಂದ ಎದ್ದವರೇ ಮೈದಾನಕ್ಕೆ ಓಡಿದರು.

"ಎಲ್ಲಿ ಹಾಳಾಗಿ ಹೋಗಿದ್ರಿ ಮೇಷ್ಟ್ರೇ?" ಸಾಮಾನಿನ ಕೊಟ್ಟಿಗೆಯ ಹಿಂದೆ ತಂಡದ ನಾಯಕ ಗ್ರೂಬರ್ ಹಲ್ಲು ಕಡಿದ. ಗುಟ್ಟು ಬಲ್ಲವನು ಅವನೊಬ್ಬನೇ. "ಬೇಗ ಬಟ್ಟೆ ಹಾಕ್ಕೊಳ್ಳಿ!" ಪಟ್ಟು ಬಿಚ್ಚಲು ಸಮಯವಾಗಲಿಲ್ಲ. ಅದರ ಮೇಲೆಯೇ ದಪ್ಪ ಕ್ಯಾನ್ವಾಸಿನ ಅಂಗಿ ಏರಿತು.

ಎಂಥ ಜನ ಆ ತಂಡದವರು! ಕುಲುಮೆಯ ಪಾಳಿ ಮುಗಿಸಿ ನೇರ ಮೈದಾನಕ್ಕೆ ಬಂದವರು. ಮೊಣಕಾಲ ಕೆಳಗೆ ಕಾಲುಚೀಲದೊಳಗೆ ರಟ್ಟಿನ ಚೂರು, ಅಷ್ಟೇ ರಕ್ಷಣೆ. ಒಬ್ಬನ ಮುರಿದ ಬೆರಳನ್ನು ಪಕ್ಕದ ಬೆರಳಿಗೆ ದಾರದಲ್ಲಿ ಕಟ್ಟಿತ್ತು. "ನಾಲ್ಕು ಇದಾವಲ್ಲ, ಸಾಕು" ಎಂದು ಅವನು ನಗುತ್ತಿದ್ದ. ಹನ್ನೊಂದು ಜನ ಮೊದಲಿಂದ ಕಡೆಯವರೆಗೆ ಆಡಬೇಕು. ಬದಲಿಗೆ ಇದ್ದವನು ಗ್ರೂಬರನ ಹೆಂಡತಿಯ ತಮ್ಮ ಲುಡ್ವಿಗ್ ಒಬ್ಬನೇ. ಆಳು ಬೀರುವಿನಷ್ಟು. ಆದರೆ ನೋವೆಂದರೆ ಆಗದು. ನೀರಿನ ಬಕೆಟ್ ಬಿಟ್ಟು ಅಲ್ಲಾಡಿದವನಲ್ಲ.

ಆಟದ ಕೊನೆಯವರೆಗೂ ಎರಡೂ ಕಡೆ ಸೊನ್ನೆ. ಅಷ್ಟರಲ್ಲಿ ಮೇಷ್ಟ್ರು ಬೆವರಿದ್ದರು. ಬೆವರು ತಾಗಿದ ಸಾಸಿವೆ ತನ್ನ ಗುಣ ತೋರಿಸಿತು. ಎದೆಯ ಮೇಲೆ ಕೆಂಡ ಸುರಿದ ಹಾಗಾಯಿತು. ಕೂಗೋಣವೆಂದರೆ ಬಾಯಲ್ಲಿ ಕವಚ. ಅದೇ ಗಳಿಗೆಯಲ್ಲಿ ಯಾರೋ ಚೆಂಡನ್ನು ಅವರ ಕೈಗೆ ತುರುಕಿದರು.

ಮೇಷ್ಟ್ರು ಓಡಿದರು. ಬೆಲ್‌ಹೇವನ್‌ನ ಒಬ್ಬ ಅಡ್ಡ ಬಂದು ಬಿದ್ದ. ಇನ್ನೊಬ್ಬ ಸೊಂಟ ಹಿಡಿದ, ಮತ್ತೊಬ್ಬ ಕಾಲು ಹಿಡಿದ. ಅಪ್ಪನಿಗೆ ಜೋತುಬಿದ್ದ ಮಕ್ಕಳಂತೆ ಇಬ್ಬರನ್ನೂ ಎಳೆದುಕೊಂಡೇ ಮೇಷ್ಟ್ರು ಗೆರೆ ದಾಟಿದರು. ನಿಲ್ಲಲಾಗದೆ ಮೈದಾನದ ಸುತ್ತ ಕಟ್ಟಿದ್ದ ಹಗ್ಗವನ್ನೂ ದಾಟಿ, ನೋಡಲು ಬಂದವರ ನಡುವೆ ಕಣ್ಣಿನವರೆಗೆ ಮಫ್ಲರ್ ಸುತ್ತಿಕೊಂಡಿದ್ದ ಒಬ್ಬರ ಮೇಲೆ ಹೋಗಿ ಬಿದ್ದರು. ಮಫ್ಲರ್ ಜಾರಿತು.

ಹಾರ್ಲನ್ ಕ್ರಂಬ್!

"ಯಾರ್ಯಾರು ಪಾಪ ಮಾಡ್ತಿದಾರೆ ನೋಡೋಣ ಅಂತ ಬಂದಿದ್ದೆ" ಎಂದು ಅವರು ಯಾರೂ ಕೇಳದಿದ್ದರೂ ಸುತ್ತಲಿನವರಿಗೆಲ್ಲ ಹೇಳಿದರು. ಆಮೇಲೆ ಕೆಸರಿನ ಮುದ್ದೆಯಾಗಿದ್ದ ಮೇಷ್ಟ್ರನ್ನು ಬಾಚಿ ತಬ್ಬಿಕೊಂಡರು. "ಡೂಲಿ! ನನ್ನಪ್ಪಾ! ಗಂಡಸು ಅಂದ್ರೆ ನೀನು ಕಣಯ್ಯಾ! ಎಲ್ಲೂ ಹೋಗ್ಬೇಡ, ನಿನ್ನ ಹತ್ರ ಮಾತಾಡಬೇಕು!"

ಮಾತು! ಬಾಯಿ ಬಿಟ್ಟರೆ ಗುಟ್ಟು ರಟ್ಟು. ಆಟ ಮುಗಿದ ಸೀಟಿ ಕೇಳಿ, ಗೆದ್ದ ಖುಷಿಯಲ್ಲಿ ಊರೆಲ್ಲ ಮೈದಾನಕ್ಕೆ ನುಗ್ಗುತ್ತಿದ್ದಂತೆ ಅವರು ಕೊಟ್ಟಿಗೆಯ ಹಿಂದೆ ಕವಚವನ್ನು ಗ್ರೂಬರನ ಕೈಗೆ ತುರುಕಿ ಹಿತ್ತಲ ದಾರಿ ಹಿಡಿದರು. ಪಂಪಿನಡಿ ಮೈ ತೊಳೆದು, ಪಟ್ಟು ಕಿತ್ತೆಸೆದು, ನೆರೆಮನೆಯ ಏಣಿಯಿಂದ ಕಿಟಕಿ ಹತ್ತಿ ಕಂಬಳಿಯೊಳಗೆ ಸೇರುವುದಕ್ಕೂ ಬಾಗಿಲ ಚಿಲಕ ಸರಿಯುವುದಕ್ಕೂ ಸರಿಹೋಯಿತು.

ಮುಂದೆ ಸೂಪಿನ ಬಟ್ಟಲು ಹಿಡಿದ ಮಿಸೆಸ್ ಲಾಂಬರ್ಟ್. ಹಿಂದೆ ಕ್ರಂಬ್. ಅವರ ಹಿಂದೆ, ನೆಲ ನೋಡುತ್ತ, ಗ್ರೂಬರ್. ಕಡೆಗೆ ಮೈಗೆಲ್ಲ ಕೆಸರು ಮೆತ್ತಿಕೊಂಡು, ಕೊರಳಿಗೆ ಮೂಗುಕವಚ ನೇತುಹಾಕಿಕೊಂಡ ಲುಡ್ವಿಗ್.

"ಪಾಪ, ಪ್ರೂಯಿಟ್" ಎಂದರು ಕ್ರಂಬ್. "ಮಂಡಳಿಯ ಐವರೂ ಇವತ್ತು ಅಕಸ್ಮಾತ್ತಾಗಿ ಒಂದೇ ಕಡೆ ಸಿಕ್ಕಿದ್ವಿ. ಅಲ್ಲೇ ತೀರ್ಮಾನ ಆಯ್ತು. ನೀವು ವಿಶ್ರಾಂತಿ ತಗೊಳ್ಳಿ. ನಮ್ಮ ಹುಡುಗರ ಮುಂದೆ ಗಟ್ಟಿ ಆಳೊಬ್ಬ ನಿಲ್ಲಬೇಕು. ನಾಳೆಯಿಂದ ನಿಮ್ಮ ಜಾಗಕ್ಕೆ ಇವರು, ಮಿಸ್ಟರ್ ಡೂಲಿ!"

ಮೇಷ್ಟ್ರು ಎದ್ದು ಕೂತರು. "ಡೂಲಿ ನಾನು!"

ಮಿಸೆಸ್ ಲಾಂಬರ್ಟ್ ಮೇಷ್ಟ್ರ ಹಣೆ ಮುಟ್ಟಿ ನೋಡಿ, "ಜ್ವರ ನೆತ್ತಿಗೇರಿದೆ" ಎಂದಳು.

"ಜ್ವರ ಅಲ್ಲ, ನೋಡಿ!" ಮೇಷ್ಟ್ರು ಅಂಗಿ ತೆರೆದು ಕೆಂಪೆದ್ದ ಎದೆ ತೋರಿಸಿದರು.

"ಅಯ್ಯೋ, ಪಟ್ಟು ಕಿತ್ತು ಹಾಕಿದೀರಾ? ಇರಿ, ಇನ್ನೊಂದು ಅರೆದು ತರ್ತೀನಿ!"

ಕ್ರಂಬ್ ಕಣ್ಣು ಒದ್ದೆಯಾಯಿತು. "ಊರಲ್ಲಿರೋ ಪ್ರತಿ ಹುಡುಗನೂ ತಾನೇ ಡೂಲಿ ಅಂತ ಕನಸು ಕಾಣ್ತಾನೆ. ಮೇಷ್ಟ್ರು ಕಂಡ್ರೆ ತಪ್ಪೇನು?" ಎನ್ನುತ್ತ ಮನೆಯೊಡತಿಯ ಹಿಂದೆ ಕೆಳಗಿಳಿದರು.

ಗ್ರೂಬರ್ ಉಳಿದ. "ನಿಮ್ಮ ಗುಟ್ಟು ಉಳಿಸೋಕೇ ಇವನಿಗೆ ಕೆಸರು ಬಳಿದು ಮುಂದೆ ತಳ್ಳಿದೆ ಮೇಷ್ಟ್ರೇ. ಕೆಲಸ ಕೊಟ್ಟುಬಿಡ್ತಾರೆ ಅಂತ ಯಾರಿಗೆ ಗೊತ್ತಿತ್ತು?"

"ಹೋಗ್ಲಿ ಬಿಡು" ಎಂದು ಮೇಷ್ಟ್ರು ನಿಟ್ಟುಸಿರಿಟ್ಟರು. "ಇನ್ನು ಹೆದರಿಕೆ ಇಲ್ಲದೆ ಆಡಬಹುದಲ್ಲ."

"ಅದನ್ನೇ ಹೇಳೋಣ ಅಂತ ನಿಂತೆ. ಡೂಲಿ ಈಗ ಶಾಲೆ ಮೇಷ್ಟ್ರು. ಭಾನುವಾರ ಆಡೋಹಾಗಿಲ್ಲ ಅಂತ ಕ್ರಂಬ್ ಬರೆಸ್ಕೊಂಡಿದಾರೆ. ಇನ್ನು ಮೈದಾನದಲ್ಲಿ ಡೂಲಿ ಕಾಣಿಸಿದ್ರೆ ಇವನ ಕೆಲಸ ಹೋಗುತ್ತೆ. ಇವನ ಕೆಲಸ ಹೋದ್ರೆ ನನ್ನ ಹೆಂಡ್ತಿ ನನ್ನ ಬಿಡ್ತಾಳಾ?"

ಇಷ್ಟು ಹೊತ್ತೂ ಟೋಪಿ ತಿರುಗಿಸುತ್ತ ಬಾಗಿಲಲ್ಲಿ ನಿಂತಿದ್ದ ಲುಡ್ವಿಗ್ ನಾಚುತ್ತ ಒಂದು ಹೆಜ್ಜೆ ಮುಂದೆ ಬಂದ.

"ಸಾರ್, ಬೆಳಿಗ್ಗೆ ಎಂಟೂವರೆಗೆ ಪಾಠವಂತೆ. ಈ ಲ್ಯಾಟಿನ್ ಅನ್ನೋದು... ಅದನ್ನ ಬರೀ ಕೈಯಲ್ಲಿ ಮಾಡ್ತಾರಾ, ಸಾಮಾನು ಏನಾದ್ರೂ ಬೇಕಾ?"